ಮನೆಯ ವೈ-ಫೈ ರೂಟರ್: ಅಳವಡಿಸುವ ಕ್ರಮ, ಸೆಟ್ಟಿಂಗ್ ಮತ್ತು ಸುರಕ್ಷತೆ

ಬ್ರಾಡ್‌ಬ್ಯಾಂಡ್ ಸಂಪರ್ಕ ಇಂದು ನಗರವಾಸಿಗಳ ಸೌಲಭ್ಯವಾಗಿ ಮಾತ್ರ ಉಳಿದಿಲ್ಲ. 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಸಾಕಿತ್ತು, ಅದು ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತಿತ್ತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಸಂಸ್ಥೆ 'ಡೇಟಾವನ್' ಹೆಸರಿನಲ್ಲಿ ಟೆಲಿಫೋನ್ ತಂತಿಯ ಮೂಲಕವೇ ಈ ಸೇವೆಯನ್ನು ಮನೆಗಳಿಗೆ ಒದಗಿಸಲು ಆರಂಭಿಸಿತು. 2023ರ ಜನವರಿಯಲ್ಲಿ ಕೇಂದ್ರ ಸರಕಾರ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗವನ್ನು 2 ಮೆಗಾಬಿಟ್‌ಗೆ ಏರಿಸಿತು. ಗಾಜಿನ ಎಳೆಯ ಫೈಬರ್ ಸಂಪರ್ಕ ಬಂದ ಮನೆಗಳಲ್ಲಿ ಇದರ ಹತ್ತಾರು ಪಟ್ಟು ವೇಗ ಸಿಗುತ್ತಿದೆ.

ಆದರೆ ಸಂಪರ್ಕ ಕೊಡಲು ಬಂದ ತಂತ್ರಜ್ಞರು ಗೋಡೆಗೆ ಪೆಟ್ಟಿಗೆ ಹೊಡೆದು, ಒಂದು ಫೋನಿನಲ್ಲಿ ಪುಟ ತೆರೆಯುವುದನ್ನು ತೋರಿಸಿ, ಸಹಿ ಪಡೆದು ಹೊರಟು ಹೋಗುತ್ತಾರೆ. ಪೆಟ್ಟಿಗೆ ಎಲ್ಲಿರಬೇಕು, ಅದರ ಪಾಸ್‌ವರ್ಡ್ ಏನು, ಯಾರಿಗೆ ಕೊಡಬೇಕು, ಕೆಟ್ಟರೆ ಏನು ಮಾಡಬೇಕು ಎಂಬುದು ಮನೆಯವರಿಗೆ ಬಿಟ್ಟ ವಿಷಯ. ಸಂಪರ್ಕ ಮನೆಯ ಒಬ್ಬರ ಹೆಸರಿನಲ್ಲಿರುತ್ತದೆ. ಆ ಸಂಪರ್ಕದಿಂದ ಏನೇ ನಡೆದರೂ ಮೊದಲು ವಿಚಾರಣೆಗೆ ಬರುವುದು ಅದೇ ಹೆಸರು. ಆದ್ದರಿಂದ ತಂತ್ರಜ್ಞರು ಹೋದ ನಂತರದ ಒಂದು ಗಂಟೆಯ ಕೆಲಸವನ್ನು ಮನೆಯವರೇ ಕಲಿತುಕೊಳ್ಳುವುದು ಅಗತ್ಯ. ಆ ಕೆಲಸದ ಪೂರ್ಣ ವಿವರ ಇಲ್ಲಿದೆ.

ಕೈಲಾಂಚದ ಉದಾಹರಣೆ

ವಿವರಣೆಗೆ ರಾಮನಗರ ತಾಲೂಕಿನ ಕೈಲಾಂಚ ಹೋಬಳಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲಾಯಿತು. ರಾಜಧಾನಿಯಿಂದ ಸುಮಾರು 50 ಕಿ.ಮೀ. ದೂರದ ರಾಮನಗರ ಪಟ್ಟಣ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರುವಾಸಿ. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ, ಮಾವು, ರಾಗಿ ಮುಖ್ಯ ಬೆಳೆಗಳು.

ಈ ಪ್ರದೇಶವನ್ನು ಆರಿಸಿಕೊಂಡದ್ದಕ್ಕೆ ಮೂರು ಕಾರಣಗಳಿವೆ. ಒಂದು, ಇದು ಬಂಡೆಯ ನಾಡು. ಇಲ್ಲಿಯ ಗ್ರಾನೈಟ್ ಶಿಲೆಯನ್ನು ಭೂವಿಜ್ಞಾನಿಗಳು 'ಕ್ಲೋಸ್‌ಪೇಟೆ ಗ್ರಾನೈಟ್' ಎಂದೇ ಕರೆಯುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಕಲ್ಲಿನ ಗೋಡೆ, ಕಲ್ಲುಚಪ್ಪಡಿಯ ಮಾಳಿಗೆ ಇರುವಲ್ಲಿ ವೈ-ಫೈ ಅಲೆಗಳು ಸುಲಭವಾಗಿ ಹಾದುಹೋಗುವುದಿಲ್ಲ. ಎರಡು, ಊರಿನಿಂದ ದೂರ ತೋಟದಲ್ಲಿ ಕಟ್ಟಿಕೊಂಡ ಒಂಟಿ ಮನೆಗಳು. ಮೂರು, ವಾಸದ ಮನೆಗೆ ಹತ್ತಿರದಲ್ಲೇ ಪ್ರತ್ಯೇಕವಾಗಿರುವ ರೇಷ್ಮೆಹುಳು ಸಾಕಣೆ ಮನೆ. ಕರಾವಳಿಯಲ್ಲಿ ಗ್ರಾನೈಟಿನ ಬದಲು ದಪ್ಪ ಕೆಂಪುಕಲ್ಲಿನ ಗೋಡೆ, ಹುಳುಮನೆಯ ಬದಲು ಹಟ್ಟಿ ಇದೆ ಎಂಬುದನ್ನು ಬಿಟ್ಟರೆ ಸಮಸ್ಯೆ ಒಂದೇ. ಕೈಲಾಂಚದ ಕಲ್ಲಿನ ಮನೆಯಲ್ಲಿ ನಡೆಯುವ ಉಪಾಯ ನಮ್ಮಲ್ಲಿಯೂ ನಡೆಯುತ್ತದೆ.

2017ರ ಜುಲೈಯಲ್ಲಿ ಕರ್ನಾಟಕದಲ್ಲಿ ನಡೆದದ್ದು

ರೂಟರಿನ ಸೆಟ್ಟಿಂಗ್ ಯಾಕೆ ಮುಖ್ಯ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 2017ರ ಜುಲೈ ಕೊನೆಯ ವಾರದಲ್ಲಿ ಕರ್ನಾಟಕದ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳ ಮೇಲೆ ಹಾನಿಕಾರಕ ತಂತ್ರಾಂಶವೊಂದು ದಾಳಿ ಮಾಡಿತು. ಕಾರ್ಖಾನೆಯಿಂದ ಬಂದ 'ಅಡ್ಮಿನ್' ಎಂಬ ಪಾಸ್‌ವರ್ಡನ್ನು ಬದಲಾಯಿಸದೆ ಹಾಗೆಯೇ ಬಿಟ್ಟಿದ್ದ ಮೋಡೆಮ್‌ಗಳು ಇದಕ್ಕೆ ತುತ್ತಾದವು. ಅನೇಕ ಮನೆ, ಕಚೇರಿಗಳಲ್ಲಿ ಸಂಪರ್ಕ ನಿಂತಿತು. ಕೂಡಲೇ ಪಾಸ್‌ವರ್ಡ್ ಬದಲಾಯಿಸುವಂತೆ ಸಂಸ್ಥೆ ಗ್ರಾಹಕರಿಗೆ ಸೂಚನೆ ನೀಡಬೇಕಾಯಿತು.

ಗಮನಿಸಿ: ಇಲ್ಲಿ ದಾಳಿಕೋರರು ಯಾರ ಮನೆಗೂ ಬಂದಿರಲಿಲ್ಲ, ಯಾರ ಗುಟ್ಟನ್ನೂ ಊಹಿಸಬೇಕಾಗಿರಲಿಲ್ಲ. ಸಾವಿರಾರು ಪೆಟ್ಟಿಗೆಗಳಿಗೆ ಒಂದೇ ಬೀಗದಕೈ ಇತ್ತು; ಅದು ಎಲ್ಲರಿಗೂ ಗೊತ್ತಿತ್ತು.

ಇದಕ್ಕೂ ಗಂಭೀರವಾದ ಘಟನೆ 2008ರದ್ದು. ಆ ವರ್ಷ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳು ನಡೆದಾಗ, ಹೊಣೆ ಹೊತ್ತು ಬಂದ ಇ-ಮೇಲ್ ನವಿ ಮುಂಬಯಿಯ ಒಂದು ಮನೆಯ ವೈ-ಫೈ ಮೂಲಕ ಕಳುಹಿಸಲ್ಪಟ್ಟಿತ್ತು. ಅದು ಭದ್ರಪಡಿಸದೆ ಬಿಟ್ಟಿದ್ದ ಸಂಪರ್ಕ. ಆ ಮನೆಯಲ್ಲಿದ್ದ ವಿದೇಶಿ ಪ್ರಜೆ ಕೃತ್ಯಕ್ಕೆ ಸಂಬಂಧವೇ ಇಲ್ಲದಿದ್ದರೂ ತನಿಖೆ ಎದುರಿಸಬೇಕಾಯಿತು. ಇಂಥ ಘಟನೆಗಳ ನಂತರ ದೂರಸಂಪರ್ಕ ಇಲಾಖೆ 2009ರ ಫೆಬ್ರವರಿಯಲ್ಲಿ ವೈ-ಫೈ ಸಂಪರ್ಕಗಳನ್ನು ಭದ್ರವಾಗಿಡುವ ಬಗ್ಗೆ ಸೇವಾ ಸಂಸ್ಥೆಗಳಿಗೆ ಸೂಚನೆಗಳನ್ನು ಹೊರಡಿಸಿತು.

ಗೋಡೆಯ ಮೇಲಿನ ಪೆಟ್ಟಿಗೆ ಯಾವುದು?

ಮನೆಗೆ ಸಂಪರ್ಕ ಬರುವ ದಾರಿ ಮೂರು ಬಗೆ.

ಫೈಬರ್: ಗಾಜಿನ ಎಳೆಯಲ್ಲಿ ಬರುವ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಪೆಟ್ಟಿಗೆಗೆ 'ಒಎನ್‌ಟಿ' ಎನ್ನುತ್ತಾರೆ. ಈಗಿನ ಹೆಚ್ಚಿನ ಒಎನ್‌ಟಿಗಳಲ್ಲಿ ವೈ-ಫೈ ರೂಟರ್ ಒಳಗೇ ಇರುತ್ತದೆ. ಗ್ರಾಮ ಪಂಚಾಯತ್‌ಗಳಿಗೆ ಫೈಬರ್ ಕೊಂಡೊಯ್ಯುವ ಕೇಂದ್ರದ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು; ನಂತರ ಅದಕ್ಕೆ 'ಭಾರತ್‌ನೆಟ್' ಎಂದು ಹೆಸರಿಡಲಾಯಿತು.

ಟೆಲಿಫೋನ್ ತಂತಿ: ತಾಮ್ರದ ತಂತಿಯ ಸಂಪರ್ಕಕ್ಕೆ ಎಡಿಎಸ್‌ಎಲ್ ಮೋಡೆಮ್ ಬೇಕು. ದೂರವಾಣಿಗೂ ಮೋಡೆಮ್‌ಗೂ ಸಂಕೇತ ಬೇರ್ಪಡಿಸುವ 'ಸ್ಪ್ಲಿಟರ್' ಎಂಬ ಚಿಕ್ಕ ಡಬ್ಬಿ ಇರಬೇಕು. ಫೈಬರ್ ಬಂದ ಕಡೆ ಇದು ಹಿಂದೆ ಸರಿಯುತ್ತಿದೆ.

ಸಿಮ್ ರೂಟರ್: ತಂತಿಯೇ ಬಾರದ ಒಂಟಿ ತೋಟದ ಮನೆಗೆ 4ಜಿ ಅಥವಾ 5ಜಿ ಸಿಮ್ ಹಾಕುವ ರೂಟರ್ ಸೂಕ್ತ. ಇದನ್ನು ಮೊಬೈಲ್ ಗೋಪುರದ ದಿಕ್ಕಿನ ಕಿಟಕಿಯ ಬಳಿ ಇಡಬೇಕು. ಗುಡ್ಡದ ಮರೆಯಲ್ಲಿರುವ ಮನೆಗೆ ಹೊರಗಿನ ಆಂಟೆನಾ ಜೋಡಿಸುವ ಅವಕಾಶ ಇರುವ ಮಾದರಿಯನ್ನು ಕೊಳ್ಳುವುದು ಒಳ್ಳೆಯದು. ಕೊಳ್ಳುವ ಮೊದಲು ಬೇರೆ ಬೇರೆ ಕಂಪೆನಿಯ ಸಿಮ್ ಇರುವ ಫೋನುಗಳನ್ನು ಅದೇ ಕಿಟಕಿಯಲ್ಲಿಟ್ಟು ಹಗಲು ಒಮ್ಮೆ, ರಾತ್ರಿ ಎಂಟರ ನಂತರ ಒಮ್ಮೆ ವೇಗ ಪರೀಕ್ಷಿಸಿ. ರಾತ್ರಿ ಬಳಕೆದಾರರು ಹೆಚ್ಚಿರುವಾಗ ಸಿಗುವ ವೇಗವೇ ನಿಜವಾದ ವೇಗ.

ರೂಟರ್ ಎಲ್ಲಿ ಇಡಬೇಕು?

ವೈ-ಫೈ ಎರಡು ಮುಖ್ಯ ತರಂಗಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಭಾರತದಲ್ಲಿ ಮೊದಲನೆಯದನ್ನು 2005ರಲ್ಲಿ ಪರವಾನಿಗೆಯಿಂದ ಮುಕ್ತಗೊಳಿಸಲಾಯಿತು. ಎರಡನೆಯದರ ಬಹುಭಾಗ 2018ರಲ್ಲಿ ಮುಕ್ತವಾಯಿತು. 2.4ರ ಅಲೆ ಹೆಚ್ಚು ದೂರ ಹೋಗುತ್ತದೆ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟುತ್ತದೆ, ಆದರೆ ವೇಗ ಕಡಿಮೆ. 5ರ ಅಲೆ ವೇಗವಾದದ್ದು, ಆದರೆ ದಪ್ಪ ಕಲ್ಲಿನ ಗೋಡೆ ಎದುರಾದರೆ ಬಹುಮಟ್ಟಿಗೆ ಅಲ್ಲಿಯೇ ಸೊರಗುತ್ತದೆ.

ತಂತ್ರಜ್ಞರು ಸಾಮಾನ್ಯವಾಗಿ ತಂತಿ ಒಳಬರುವ ಮೂಲೆಯಲ್ಲೇ ರೂಟರ್ ಕೂರಿಸುತ್ತಾರೆ. ಕಲ್ಲಿನ ಮನೆಯಲ್ಲಿ ಇದರಿಂದ ಅರ್ಧ ಸಂಕೇತ ಅಂಗಳಕ್ಕೆ ಹೋಗುತ್ತದೆ. ಆದ್ದರಿಂದ ಅವರು ಇರುವಾಗಲೇ ಜಾಗ ತೋರಿಸಿ, ಅಗತ್ಯವಿದ್ದರೆ ಇನ್ನೂ ಹತ್ತು ಮೀಟರ್ ತಂತಿ ಎಳೆಯಲು ಕೇಳಿ. ಜಾಗ ಆರಿಸುವಾಗ ಈ ಅಂಶಗಳನ್ನು ನೆನಪಿಡಿ:

- ಮನೆಯ ನಡುವಣ ಕೋಣೆ, ನೆಲದಿಂದ ಐದಾರು ಅಡಿ ಎತ್ತರ.
- ಕಬ್ಬಿಣದ ಕಪಾಟು, ಫ್ರಿಜ್, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್ ಪಕ್ಕದಲ್ಲಿ ಬೇಡ. ಲೋಹ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಹೀರಿಕೊಳ್ಳುತ್ತದೆ.
- ಮೈಕ್ರೋವೇವ್ ಒಲೆ 2.4ರ ಪಟ್ಟಿಯಲ್ಲೇ ಕೆಲಸ ಮಾಡುವುದರಿಂದ ಅಡುಗೆಕೋಣೆ ಬೇಡ. ಒಲೆಯ ಹೊಗೆ, ಒಗ್ಗರಣೆಯ ಎಣ್ಣೆಯೂ ಯಂತ್ರಕ್ಕೆ ಒಳ್ಳೆಯದಲ್ಲ.
- ಗಾಳಿಯಾಡುವ ಕಿಂಡಿಗಳನ್ನು ಬಟ್ಟೆ, ಪ್ಲಾಸ್ಟಿಕ್ ಹೊದಿಕೆಯಿಂದ ಮುಚ್ಚಬೇಡಿ.
- ಬಾಗಿಲುಗಳು ಒಂದೇ ಸಾಲಿನಲ್ಲಿದ್ದರೆ ಆ ಸಾಲಿಗೆ ಎದುರಾಗಿ ಇಡಿ. ಕಲ್ಲು ದಾಟದ ಅಲೆ ಬಾಗಿಲಿನ ಮೂಲಕ ಸಾಗುತ್ತದೆ.

ಫೈಬರ್ ತಂತಿಯನ್ನು ಮೊಳೆಗೆ ಸುತ್ತಬಾರದು, ಬಾಗಿಲ ಸಂದಿಯಲ್ಲಿ ಹಿಸುಕಬಾರದು. ಹೆಚ್ಚಾದ ತಂತಿಯನ್ನು ಊಟದ ತಟ್ಟೆಯಷ್ಟು ಅಗಲದ ಸುರುಳಿ ಮಾಡಿ ಕಟ್ಟಿ. ಕಿತ್ತ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬಾರದು. ಅದರಲ್ಲಿರುವ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಹಾನಿ ಮಾಡಬಲ್ಲದು.

ಹುಳುಮನೆ, ಹಟ್ಟಿ, ಮೇಲ್ಮಹಡಿಗೆ ಸಂಪರ್ಕ

ರೇಷ್ಮೆಹುಳು ಸಾಕುವ ಮನೆಯ ಉಷ್ಣಾಂಶ ನೋಡಿಕೊಳ್ಳಲು, ಸಿಸಿಟಿವಿ ಇಡಲು ಅಲ್ಲಿಗೂ ವೈ-ಫೈ ಬೇಕೆನಿಸುವುದು ಸಹಜ. ಆದರೆ ರೂಟರನ್ನು ಹುಳುಮನೆಯ ಒಳಗೆ ಇಡಬೇಡಿ. ಅಲ್ಲಿ ತೇವಾಂಶ ಹೆಚ್ಚು. ಪ್ರತಿ ಬೆಳೆಗೆ ಮೊದಲು ಬ್ಲೀಚಿಂಗ್ ಪೌಡರ್‌ನಂತಹ ಕ್ಲೋರಿನ್‌ಯುಕ್ತ ಸೋಂಕುನಿವಾರಕ ಬಳಸುತ್ತಾರೆ. ಇದರಿಂದ ಯಂತ್ರದೊಳಗಿನ ಲೋಹದ ಭಾಗಗಳು ತುಕ್ಕು ಹಿಡಿಯುತ್ತವೆ. ಹೊರಗಿನ ಗೋಡೆಯಲ್ಲಿ ಮಳೆ ತಾಗದ ಪೆಟ್ಟಿಗೆಯಲ್ಲಿಟ್ಟು, ಕಿಟಕಿಯ ಕಡೆಗೆ ಮುಖ ಮಾಡುವುದು ಸರಿಯಾದ ಕ್ರಮ.

ಮುಖ್ಯ ರೂಟರಿನಿಂದ ಅಲ್ಲಿಗೆ 'ಕ್ಯಾಟ್-6' ತಂತಿ ಎಳೆಯಬಹುದು. ಇಂತಹ ತಂತಿ 100 ಮೀಟರ್ ವರೆಗೆ ಕೆಲಸ ಮಾಡುತ್ತದೆ. ನೆಲದಡಿಯಲ್ಲಿ ಪೈಪಿನೊಳಗೆ, ಕರೆಂಟಿನ ತಂತಿಯಿಂದ ಬೇರೆಯಾಗಿ ಎಳೆಯಿರಿ. ಎರಡು ಕಟ್ಟಡಗಳ ನಡುವೆ ಆಕಾಶದಲ್ಲಿ ತೂಗುಬಿಟ್ಟ ತಾಮ್ರದ ತಂತಿ ಸಿಡಿಲಿಗೆ ಆಹ್ವಾನ ಕೊಟ್ಟಂತೆ. ಆ ತುದಿಯಲ್ಲಿ ಜೋಡಿಸುವ ಎರಡನೇ ಪೆಟ್ಟಿಗೆಯನ್ನು 'ಆಕ್ಸೆಸ್ ಪಾಯಿಂಟ್' ಕ್ರಮದಲ್ಲಿ ಇಡಬೇಕು, ಇಲ್ಲವಾದರೆ ಎರಡು ರೂಟರ್‌ಗಳು ಬೇರೆ ಬೇರೆಯಾಗಿ ವಿಳಾಸ ಹಂಚಿ ಗೊಂದಲವಾಗುತ್ತದೆ.

ಅಗ್ಗದ 'ರಿಪೀಟರ್' ತಂತಿಯಿಲ್ಲದೆ ಸಂಕೇತವನ್ನು ಮುಂದೆ ದಾಟಿಸುತ್ತದೆ ನಿಜ, ಆದರೆ ವೇಗ ಸುಮಾರು ಅರ್ಧಕ್ಕೆ ಇಳಿಯಬಹುದು. ಅದನ್ನು ಸಂಕೇತ ಸತ್ತ ಜಾಗದಲ್ಲಿ ಇಡದೆ, ಸಂಕೇತ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಇಡಬೇಕು. ಮಾವಿನ ಮರಗಳ ಸಾಲು ಮಧ್ಯೆ ಇದ್ದರೆ ಬೇಸಿಗೆಯಲ್ಲಿ ಸಿಕ್ಕ ಸಂಕೇತ ಮಳೆಗಾಲದಲ್ಲಿ ಸಿಗುವುದಿಲ್ಲ. ಒದ್ದೆ ಎಲೆಗಳು ಅಲೆಯನ್ನು ಹೀರುತ್ತವೆ.

ಸೆಟ್ಟಿಂಗ್: ಹಂತ ಹಂತವಾಗಿ

1. ಚೀಟಿಯ ಫೋಟೋ ತೆಗೆಯಿರಿ. ರೂಟರಿನ ಅಡಿಭಾಗದ ಚೀಟಿಯಲ್ಲಿ ಅದರ ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡ್ ಮತ್ತು ವೈ-ಫೈ ಹೆಸರು ಇರುತ್ತವೆ.

2. ಸಂಪರ್ಕದ ವಿವರ ಬರೆದಿಟ್ಟುಕೊಳ್ಳಿ. ಅನೇಕ ಸಂಸ್ಥೆಗಳು 'ಪಿಪಿಪಿಒಇ' ಎಂಬ ಕ್ರಮದಲ್ಲಿ ಗ್ರಾಹಕರಿಗೆ ಬೇರೆಯೇ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟಿರುತ್ತವೆ. ಜತೆಗೆ 'ವಿಲ್ಯಾನ್' ಎಂಬ ಸಂಖ್ಯೆಯೂ ಇರಬಹುದು. ಇವನ್ನು ತಂತ್ರಜ್ಞರಿಂದ ಕೇಳಿ ಪುಸ್ತಕದಲ್ಲಿ ಬರೆದಿಡಿ.

3. ಒಳಪುಟ ತೆರೆಯಿರಿ. ಕಂಪ್ಯೂಟರನ್ನು ತಂತಿಯ ಮೂಲಕ ಅಥವಾ ಫೋನನ್ನು ವೈ-ಫೈ ಮೂಲಕ ಜೋಡಿಸಿ, ಬ್ರೌಸರಿನ ವಿಳಾಸಪಟ್ಟಿಯಲ್ಲಿ 192.168.1.1 ಅಥವಾ 192.168.0.1 ಎಂದು ಹಾಕಿ. ಚೀಟಿಯಲ್ಲಿ ಬೇರೆ ವಿಳಾಸವಿದ್ದರೆ ಅದನ್ನೇ ಹಾಕಿ. ಫೋನಿನಲ್ಲಿ ಪುಟ ತೆರೆಯದಿದ್ದರೆ ಮೊಬೈಲ್ ಡೇಟಾ ಆಫ್ ಮಾಡಿ ನೋಡಿ.

4. ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ಇದು ರೂಟರಿನ ಒಳಪುಟಕ್ಕೆ ಹೋಗುವ ಬೀಗ. ವೈ-ಫೈ ಪಾಸ್‌ವರ್ಡ್ ಬೇರೆ. ಹೆಚ್ಚಿನವರು ಎರಡನೆಯದನ್ನು ಮಾತ್ರ ಬದಲಾಯಿಸಿ ಮೊದಲನೆಯದನ್ನು ಮರೆಯುತ್ತಾರೆ. 2017ರ ಘಟನೆಯಲ್ಲಿ ತೊಂದರೆ ಕೊಟ್ಟದ್ದು ಇದೇ ಬೀಗ. ಒಳಪುಟ ಬೇರೆಯವರ ಕೈಗೆ ಸಿಕ್ಕರೆ, ನೀವು ಬ್ಯಾಂಕಿನ ವಿಳಾಸವನ್ನು ಸರಿಯಾಗಿ ಹಾಕಿದರೂ ನಕಲಿ ಪುಟಕ್ಕೆ ಕರೆದೊಯ್ಯುವಂತೆ ಬದಲಾವಣೆ ಮಾಡಬಹುದು. ಬ್ರೆಜಿಲ್ ದೇಶದಲ್ಲಿ 2011ರ ಸುಮಾರಿಗೆ ಲಕ್ಷಾಂತರ ಮೋಡೆಮ್‌ಗಳಲ್ಲಿ ಹೀಗೆ ಮಾಡಿ ಬ್ಯಾಂಕ್ ಗ್ರಾಹಕರನ್ನು ವಂಚಿಸಲಾಗಿತ್ತು. ಕೆಲವು ಸಂಸ್ಥೆಗಳ ಪೆಟ್ಟಿಗೆಯಲ್ಲಿ ಈ ಅವಕಾಶ ಗ್ರಾಹಕರಿಗೆ ಇರುವುದಿಲ್ಲ. ಹಾಗಿದ್ದರೆ ಸಂಸ್ಥೆಯ ಆ್ಯಪ್ ಮೂಲಕ ಅಥವಾ ಗ್ರಾಹಕ ಸೇವೆಗೆ ಹೇಳಿ ಮಾಡಿಸಿ.

5. ವೈ-ಫೈಗೆ ಹೆಸರಿಡಿ. ನಿಮ್ಮ ಪೂರ್ಣ ಹೆಸರು, ಮನೆ ಸಂಖ್ಯೆ, ಫೋನ್ ನಂಬರ್ ಇಡಬೇಡಿ. ದಾರಿಯಲ್ಲಿ ಹೋಗುವವರಿಗೂ ಈ ಹೆಸರು ಕಾಣುತ್ತದೆ. 2.4 ಮತ್ತು 5ಕ್ಕೆ ಬೇರೆ ಬೇರೆ ಹೆಸರಿಟ್ಟರೆ ಅನುಕೂಲ, ಯಾಕೆಂದರೆ ಅನೇಕ ಸಿಸಿಟಿವಿ ಕ್ಯಾಮರಾಗಳು 2.4ಕ್ಕೆ ಮಾತ್ರ ಸೇರುತ್ತವೆ.

6. ಭದ್ರತೆಯ ಕ್ರಮ ಆರಿಸಿ. ಪಟ್ಟಿಯಲ್ಲಿ 'ಡಬ್ಲ್ಯುಪಿಎ-3' ಅಥವಾ 'ಡಬ್ಲ್ಯುಪಿಎ-2 ಎಇಎಸ್' ಇದ್ದರೆ ಅದನ್ನೇ ಆರಿಸಿ. 'ಓಪನ್' ಮತ್ತು 'ಡಬ್ಲ್ಯುಇಪಿ' ಬೇಡವೇ ಬೇಡ. ಡಬ್ಲ್ಯುಇಪಿ ಭದ್ರವಲ್ಲ ಎಂಬುದು 2001ರಲ್ಲೇ ಸಾಬೀತಾಗಿದೆ. ಹಳೆಯ ಫೋನು ಡಬ್ಲ್ಯುಪಿಎ-3ಕ್ಕೆ ಸೇರದಿದ್ದರೆ ಎರಡೂ ಸೇರಿದ ಕ್ರಮವನ್ನು ಆರಿಸಬಹುದು.

7. ಒಳ್ಳೆಯ ಪಾಸ್‌ವರ್ಡ್ ಇಡಿ. ಕನಿಷ್ಠ 8 ಅಕ್ಷರ ಬೇಕೆಂಬುದು ನಿಯಮ; 14ಕ್ಕಿಂತ ಹೆಚ್ಚಿರುವುದು ಕ್ಷೇಮ. ಮಕ್ಕಳ ಹೆಸರು, ಹುಟ್ಟಿದ ದಿನ, ಗಾಡಿಯ ನಂಬರ್ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ ಬರೆದು, ನಡುವೆ ಒಂದೆರಡು ಅಂಕಿ ಹಾಕಿದರೆ ಹಿರಿಯರಿಗೂ ನೆನಪಿನಲ್ಲಿ ಉಳಿಯುತ್ತದೆ, ಹೊರಗಿನವರಿಗೆ ಊಹೆಗೆ ಸಿಗುವುದಿಲ್ಲ.

8. ಬೇಡದ ಬಾಗಿಲು ಮುಚ್ಚಿ. 'ಡಬ್ಲ್ಯುಪಿಎಸ್' ಮತ್ತು 'ರಿಮೋಟ್ ಮ್ಯಾನೇಜ್‌ಮೆಂಟ್' ಎಂಬವನ್ನು ಆಫ್ ಮಾಡಿ. ಸಂಸ್ಥೆಯೇ ಕೊಟ್ಟ ಪೆಟ್ಟಿಗೆಯಾದರೆ ಎರಡನೆಯದನ್ನು ಅವರನ್ನು ಕೇಳಿ ಬದಲಾಯಿಸಿ. ದೂರದಿಂದ ದುರಸ್ತಿ ಮಾಡಲು ಅವರಿಗೆ ಪ್ರತ್ಯೇಕ ದಾರಿ ಇರುತ್ತದೆ.

9. 'ಗೆಸ್ಟ್ ನೆಟ್‌ವರ್ಕ್' ತೆರೆಯಿರಿ. ನೆಂಟರಿಗೆ, ಕೆಲಸಕ್ಕೆ ಬಂದವರಿಗೆ ಇದರ ಪಾಸ್‌ವರ್ಡ್ ಕೊಡಿ. ಮನೆಯ ಕಂಪ್ಯೂಟರ್, ಪ್ರಿಂಟರ್ ಅವರಿಗೆ ಕಾಣಿಸುವುದಿಲ್ಲ. ಬೇಕಾದಾಗ ಪಾಸ್‌ವರ್ಡ್ ಬದಲಾಯಿಸಬಹುದು. ಚರ್ಚ್ ಕಚೇರಿ ಮತ್ತು ಸಭಾಭವನಕ್ಕೆ ಒಂದೇ ಸಂಪರ್ಕ ಇರುವಲ್ಲಿಯೂ ಇದನ್ನೇ ಪಾಲಿಸಬೇಕು. ಕುಟುಂಬಗಳ ದಾಖಲೆ, ಲೆಕ್ಕಪತ್ರ ಇರುವ ಕಂಪ್ಯೂಟರ್ ಮತ್ತು ಮದುವೆ ಊಟಕ್ಕೆ ಬಂದವರ ಫೋನುಗಳು ಒಂದೇ ಜಾಲದಲ್ಲಿ ಇರಬಾರದು.

10. ತಂತ್ರಾಂಶ ನವೀಕರಿಸಿ. 'ಫರ್ಮ್‌ವೇರ್ ಅಪ್‌ಡೇಟ್' ಎಂಬಲ್ಲಿ ಹೊಸದು ಇದ್ದರೆ ಹಾಕಿಕೊಳ್ಳಿ. ನಡುವೆ ಕರೆಂಟು ಹೋಗಬಾರದು, ಆದ್ದರಿಂದ ಇನ್ವರ್ಟರ್ ಅಥವಾ ಯುಪಿಎಸ್ ಇರುವಾಗ ಮಾಡಿ.

ರಿಸೆಟ್ ಗುಂಡಿಯ ಬಗ್ಗೆ ಎಚ್ಚರಿಕೆ: ರೂಟರಿನ ಹಿಂಭಾಗದ ಚಿಕ್ಕ ತೂತಿನೊಳಗೆ ಪಿನ್ ಒತ್ತಿ ಹತ್ತು ಸೆಕೆಂಡ್ ಹಿಡಿದರೆ ಎಲ್ಲ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಎರಡನೇ ಹಂತದಲ್ಲಿ ಹೇಳಿದ ವಿವರ ಕೈಯಲ್ಲಿಲ್ಲದಿದ್ದರೆ ತಂತ್ರಜ್ಞರು ಮತ್ತೆ ಬರುವವರೆಗೆ ಸಂಪರ್ಕ ಇರುವುದಿಲ್ಲ. ಪಟ್ಟಣದಲ್ಲಿ ಅದು ಒಂದು ದಿನದ ಮಾತು, ತೋಟದ ಮನೆಯಲ್ಲಿ ವಾರವೂ ಆಗಬಹುದು. ಸಣ್ಣ ತೊಂದರೆಗೆ ಸ್ವಿಚ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿದರೆ ಸಾಕು.

ವೇಗದ ಲೆಕ್ಕ

ಯೋಜನೆಯಲ್ಲಿ '40 ಎಂಬಿಪಿಎಸ್' ಎಂದಿದ್ದರೆ ಅದು ಮೆಗಾಬಿಟ್. ಕಡತಗಳ ಗಾತ್ರವನ್ನು ಅಳೆಯುವುದು ಮೆಗಾಬೈಟಿನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ 40 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ 5 ಮೆಗಾಬೈಟ್ ಇಳಿದರೆ ಅದು ಪೂರ್ಣ ವೇಗವೇ.

ದೂರು ಕೊಡುವ ಮೊದಲು ಕಂಪ್ಯೂಟರನ್ನು ತಂತಿಯಲ್ಲಿ ರೂಟರಿಗೆ ಜೋಡಿಸಿ ವೇಗ ಅಳೆಯಿರಿ. ತಂತಿಯಲ್ಲಿ ವೇಗ ಸರಿಯಾಗಿದ್ದು ವೈ-ಫೈಯಲ್ಲಿ ಕಡಿಮೆಯಿದ್ದರೆ ತಪ್ಪು ಸಂಸ್ಥೆಯದಲ್ಲ, ರೂಟರ್ ಇಟ್ಟ ಜಾಗದ್ದು ಅಥವಾ ಚಾನೆಲ್‌ನದ್ದು. 2.4ರಲ್ಲಿ ಒಂದಕ್ಕೊಂದು ಅಡ್ಡಬಾರದ ಚಾನೆಲ್‌ಗಳು 1, 6 ಮತ್ತು 11. ಪಕ್ಕದ ಮನೆಗಳವು ಯಾವುದರಲ್ಲಿವೆ ಎಂದು ಫೋನಿನ ಉಚಿತ ಆ್ಯಪ್ ಒಂದರಿಂದ ನೋಡಿ, ಖಾಲಿ ಇರುವುದನ್ನು ಆರಿಸಿ. ಇದೇ ಕಾರಣಕ್ಕೆ 2.4ರ ಅಗಲವನ್ನು 20 ಮೆಗಾಹರ್ಟ್ಸ್‌ನಲ್ಲೇ ಇಡುವುದು ಒಳ್ಳೆಯದು.

ಕರೆಂಟು ಮತ್ತು ಸಿಡಿಲು

ಹಳ್ಳಿಯಲ್ಲಿ ಸಂಪರ್ಕ ನಿಲ್ಲಲು ಮುಖ್ಯ ಕಾರಣ ಕರೆಂಟು ಹೋಗುವುದು. ಹೆಚ್ಚಿನ ರೂಟರ್‌ಗಳು 12 ವೋಲ್ಟಿನಲ್ಲಿ ನಡೆಯುತ್ತವೆ. ಇದಕ್ಕೆಂದೇ ಚಿಕ್ಕ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ರೂಟರಿನ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿ. ವೋಲ್ಟ್ ಸರಿಯಾಗಿ ಹೊಂದಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು. ಒಎನ್‌ಟಿ ಮತ್ತು ರೂಟರ್ ಬೇರೆ ಬೇರೆ ಪೆಟ್ಟಿಗೆಗಳಾದರೆ ಎರಡಕ್ಕೂ ಯುಪಿಎಸ್ ಬೇಕು. ಸುಮಾರು 37 ವಾಟ್-ಗಂಟೆ ಸಾಮರ್ಥ್ಯದ ಬ್ಯಾಟರಿ 10 ವಾಟ್ ಎಳೆಯುವ ರೂಟರನ್ನು ಮೂರು ಗಂಟೆಯಷ್ಟು ನಡೆಸುತ್ತದೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಹೆಚ್ಚು ಹಾಳಾಗುವುದೂ ಇದೇ ಯಂತ್ರಗಳು. ಗಾಜಿನ ಫೈಬರ್ ವಿದ್ಯುತ್ ಹರಿಸುವುದಿಲ್ಲ, ಆದರೆ ಅಡಾಪ್ಟರಿನ ಮೂಲಕ ಸಿಡಿಲಿನ ಹೊಡೆತ ಬರುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ. ಟೆಲಿಫೋನ್ ತಂತಿಯ ಸಂಪರ್ಕವಾದರೆ ಆ ತಂತಿಯನ್ನೂ ಕಿತ್ತಿಡಿ. ಇದನ್ನು ಗುಡುಗು ಆರಂಭವಾಗುವ ಮೊದಲೇ ಮಾಡಬೇಕು.

ತೊಂದರೆ ಬಂದಾಗ ದೀಪ ನೋಡಿ

- 'ಪವರ್' ದೀಪ ಇಲ್ಲ: ಅಡಾಪ್ಟರ್ ಕೆಟ್ಟಿರಬಹುದು.
- 'ಲಾಸ್' ದೀಪ ಕೆಂಪಾಗಿದೆ: ಫೈಬರಿನಲ್ಲಿ ಬೆಳಕು ಬರುತ್ತಿಲ್ಲ. ತಂತಿ ತುಂಡಾಗಿದೆ ಅಥವಾ ಬಾಗಿದೆ. ದೂರು ಕೊಡುವುದೇ ದಾರಿ, ಸೆಟ್ಟಿಂಗ್ ಮುಟ್ಟಬೇಡಿ.
- 'ಪಾನ್' ದೀಪ ಮಿನುಗುತ್ತಲೇ ಇದೆ: ಬೆಳಕು ಬರುತ್ತಿದ್ದರೂ ಸಂಸ್ಥೆಯ ಕಡೆಯೊಂದಿಗೆ ಹೊಂದಾಣಿಕೆ ಆಗಿಲ್ಲ. ಒಳಪುಟದಲ್ಲಿ ಬರುವ ಬೆಳಕಿನ ಪ್ರಮಾಣ ಕಾಣುವುದಾದರೆ ಅದು ಸಾಮಾನ್ಯವಾಗಿ -8 ಮತ್ತು -27ರ ನಡುವೆ ಇರಬೇಕು. -27ಕ್ಕಿಂತ ಕೆಳಗಿದ್ದರೆ ಆ ಸಂಖ್ಯೆಯನ್ನೇ ದೂರಿನಲ್ಲಿ ತಿಳಿಸಿ.
- ಎಲ್ಲ ದೀಪ ಸರಿಯಾಗಿದ್ದೂ ಪುಟ ತೆರೆಯುತ್ತಿಲ್ಲ: ಬಿಲ್ ಪಾವತಿಯ ದಿನ ಮುಗಿದಿದೆಯೇ ನೋಡಿ, ನಂತರ ಪಿಪಿಪಿಒಇ ವಿವರ ಪರೀಕ್ಷಿಸಿ.

ದೂರು ಕೊಟ್ಟ ಮೇಲೆ ದೂರಿನ ಸಂಖ್ಯೆಯನ್ನು ತಪ್ಪದೆ ಬರೆದಿಟ್ಟುಕೊಳ್ಳಿ.

ನೆರೆಮನೆಗೆ ಕೊಡಬಹುದೇ?

ಹಳ್ಳಿಯಲ್ಲಿ ಪಕ್ಕದ ಮನೆಯ ಮಗುವಿನ ಓದಿಗೆ ಪಾಸ್‌ವರ್ಡ್ ಕೇಳಿದರೆ ಇಲ್ಲವೆನ್ನುವುದು ಕಷ್ಟ. ಅಂಥಲ್ಲಿ ಗೆಸ್ಟ್ ನೆಟ್‌ವರ್ಕ್ ಕೊಡಿ, ಯಾರಿಗೆ ಕೊಟ್ಟಿದ್ದೀರಿ ಎಂಬುದು ನಿಮಗೆ ನೆನಪಿರಲಿ, ಕೆಲವು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸಿ. ಆದರೆ ಮನೆಯ ಸಂಪರ್ಕವನ್ನು ಹಣಕ್ಕೆ ಹಂಚುವಂತಿಲ್ಲ. ಅಂಗಡಿ, ಹೋಟೆಲಿನವರು ವೈ-ಫೈ ಮಾರಲು ಬಯಸಿದರೆ ಕೇಂದ್ರ ಸಂಪುಟ 2020ರ ಡಿಸೆಂಬರ್‌ನಲ್ಲಿ ಒಪ್ಪಿದ 'ಪಿಎಂ-ವಾಣಿ' ಯೋಜನೆ ಇದೆ. ಅದರಲ್ಲಿ ಸಣ್ಣ ಅಂಗಡಿಯವರು ಪರವಾನಿಗೆ ಶುಲ್ಕವಿಲ್ಲದೆ ಸಾರ್ವಜನಿಕ ಡೇಟಾ ಕಚೇರಿ ನಡೆಸಬಹುದು; ಬಳಕೆದಾರರ ಗುರುತಿನ ದಾಖಲೆಯ ವ್ಯವಸ್ಥೆ ಅದರಲ್ಲೇ ಇದೆ.

ಹಿರಿಯರು ಮಾತ್ರ ಇರುವ ಮನೆಗಳಲ್ಲಿ

ಮಕ್ಕಳು ಬೆಂಗಳೂರಿನಲ್ಲೋ ಗಲ್ಫ್ ದೇಶದಲ್ಲೋ ಇದ್ದು, ತಂದೆತಾಯಿ ಮಾತ್ರ ಊರಲ್ಲಿರುವ ಮನೆಗಳು ಈಗ ಬಹಳ. ವೈ-ಫೈ ಅವರಿಗೆ ದಿನವೂ ಮಕ್ಕಳ ಮುಖ ನೋಡುವ ದಾರಿ. ಇಂಥವರಿಗೆ ಕರೆ ಮಾಡಿ, 'ನಿಮ್ಮ ರೂಟರ್ ಅಪ್‌ಡೇಟ್ ಆಗಬೇಕು, ಇಲ್ಲವಾದರೆ ಇಂದು ರಾತ್ರಿ ಸಂಪರ್ಕ ಕಡಿತ' ಎಂದು ಹೆದರಿಸಿ, ಫೋನಿಗೆ ಆ್ಯಪ್ ಹಾಕಿಸಿ ಬ್ಯಾಂಕ್ ಖಾತೆ ಖಾಲಿ ಮಾಡುವ ವಂಚಕರಿದ್ದಾರೆ. ರೂಟರ್ ನವೀಕರಣಕ್ಕೆ ಒಟಿಪಿ ಬೇಕಾಗುವುದಿಲ್ಲ, ಫೋನಿನ ಪರದೆ ತೋರಿಸಬೇಕಾಗಿಯೂ ಇಲ್ಲ. ಕರೆ ಕಡಿದು, ಬಿಲ್ಲಿನ ಮೇಲಿರುವ ನಂಬರಿಗೆ ನೀವೇ ಕರೆ ಮಾಡಿ ವಿಚಾರಿಸಿ. ಹಣ ಹೋದದ್ದು ತಿಳಿದ ಕೂಡಲೇ 1930 ಸಹಾಯವಾಣಿಗೆ ತಿಳಿಸಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ರಜೆಯಲ್ಲಿ ಊರಿಗೆ ಬಂದ ಮಕ್ಕಳು ಒಂದು ಗಂಟೆ ಕೂತು ಮೇಲಿನ ಹತ್ತು ಹಂತಗಳನ್ನು ಮುಗಿಸಿ, ಯಾವ ದೀಪ ಯಾವ ಬಣ್ಣದಲ್ಲಿರಬೇಕು, ದೂರಿನ ನಂಬರ್ ಯಾವುದು ಎಂಬುದನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ರೂಟರಿನ ಪಕ್ಕ ಅಂಟಿಸಿಹೋಗಲಿ. ಪಾಸ್‌ವರ್ಡ್ ಮಾತ್ರ ಗೋಡೆಯ ಮೇಲೆ ಬೇಡ. ಅದು ಕಪಾಟಿನೊಳಗಿನ ಪುಸ್ತಕದಲ್ಲಿರಲಿ.

ಕೊನೆಯದಾಗಿ ಪರಿಶೀಲಿಸಿ

- ಅಡ್ಮಿನ್ ಪಾಸ್‌ವರ್ಡ್ ಮತ್ತು ವೈ-ಫೈ ಪಾಸ್‌ವರ್ಡ್ ಎರಡೂ ಬದಲಾಗಿವೆಯೇ?
- ಭದ್ರತೆ ಡಬ್ಲ್ಯುಪಿಎ-2 ಅಥವಾ 3ರಲ್ಲಿದೆಯೇ?
- ಹೊರಗಿನವರಿಗೆ ಪ್ರತ್ಯೇಕ ಗೆಸ್ಟ್ ನೆಟ್‌ವರ್ಕ್ ಇದೆಯೇ?
- ಪಿಪಿಪಿಒಇ ವಿವರ ಬರೆದಿಟ್ಟಿದ್ದೀರಾ?
- ಸಿಡಿಲು ಬಂದಾಗ ಪ್ಲಗ್ ಕೀಳಲು ಹಿರಿಯರ ಕೈಗೆ ಎಟಕುತ್ತದೆಯೇ?
- ಸಂಪರ್ಕ ಬಿಟ್ಟು ರೂಟರ್ ಹಿಂದಿರುಗಿಸುವಾಗ ಅಥವಾ ಗುಜರಿಗೆ ಹಾಕುವಾಗ ಮಾತ್ರ ರಿಸೆಟ್ ಗುಂಡಿ ಒತ್ತಿ ಎಲ್ಲವನ್ನೂ ಅಳಿಸಿದ್ದೀರಾ?

ಈ ಆರು ಪ್ರಶ್ನೆಗಳಿಗೆ 'ಹೌದು' ಎನ್ನಲು ಇಂಜಿನಿಯರ್ ಆಗಿರಬೇಕಾಗಿಲ್ಲ. ಮನೆಗೆ ಹೊಸ ಬೀಗ ತಂದಾಗ ಬೀಗದಕೈ ಯಾರ ಬಳಿ ಇದೆ ಎಂದು ನೋಡಿಕೊಳ್ಳುವಷ್ಟೇ ಜಾಗ್ರತೆ ಇಲ್ಲಿಯೂ ಸಾಕು.